ಎರೆಯ ಹೊಲವನ್ನು ಕೊಳ್ಳುವ ಮುನ್ನ

ಉದ್ಯೋಗದಿಂದಲೋ ವ್ಯಾಪಾರದಿಂದಲೋ ನಾಲ್ಕು ಕಾಸು ಕೂಡಿಸಿಕೊಂಡ ಪಟ್ಟಣವಾಸಿಗಳಲ್ಲಿ, ಊರ ಹೊರಗೆ ಒಂದೆರಡು ಎಕರೆ ಹೊಲವನ್ನು ಕೊಳ್ಳಬೇಕೆಂಬ ಆಶೆ ಬಹುಮಂದಿಗೆ ಇರುವುದುಂಟು. ಕರ್ಣಾಟಕದಲ್ಲಿ ಈ ಆಶೆಗೆ ಬಹುಕಾಲ ಕಾನೂನಿನ ತಡೆಯಿದ್ದಿತು. ೧೯೬೧ರ ಭೂಸುಧಾರಣಾ ಕಾನೂನಿಗೆ ೧೯೭೪ರಲ್ಲಿ ಸೇರಿದ ೭೯ಎ ಮತ್ತು ೭೯ಬಿ ಎಂಬ ಕಲಮುಗಳ ಮೇರೆಗೆ, ಬೇಸಾಯವಲ್ಲದ ಮೂಲಗಳಿಂದ ಗೊತ್ತಾದ ಮಿತಿಗೆ ಮೀರಿದ ವರಮಾನವುಳ್ಳವರೂ, ಸ್ವತಃ ಸಾಗುವಳಿ ಮಾಡದವರೂ ಸಾಗುವಳಿ ಭೂಮಿಯನ್ನು ಕೊಳ್ಳುವಂತಿರಲಿಲ್ಲ. ೨೦೨೦ರ ತಿದ್ದುಪಡಿಯು ಈ ಕಲಮುಗಳನ್ನು ತೆಗೆದುಹಾಕಿತು. ಪಟ್ಟಣಿಗರಿಗೆ ಹೊಲದ ಬಾಗಿಲು ತೆರೆದಂತಾಯಿತು. ಆದರೆ ಕಾನೂನು ಅನುಮತಿಸಿದುದು ಕೊಳ್ಳುವುದನ್ನು ಮಾತ್ರ; ಕೊಂಡದ್ದು ಕೊಂಡವನ ಕೈಯಲ್ಲಿ ಉಳಿಯುವುದೆಂಬ ಭರವಸೆಯನ್ನು ಅದು ಕೊಟ್ಟಿಲ್ಲ. ಆ ಭರವಸೆಯನ್ನು ಕೊಳ್ಳುವವನು ತಾನೇ ಶ್ರಮಪಟ್ಟು ಸಂಪಾದಿಸಬೇಕು. ಅದು ಹೇಗೆಂಬ ವಿಷಯದಲ್ಲಿ ನಾಲ್ಕು ಮಾತುಗಳನ್ನು ನಿವೇದಿಸಬೇಕೆಂದಿದ್ದೇವೆ.

ದೃಷ್ಟಾಂತಕ್ಕಾಗಿ ಹುಬ್ಬಳ್ಳಿ ಧಾರವಾಡಗಳ ನಡುವೆ ಇರುವ ಅಮರಗೋಳವನ್ನು ತೆಗೆದುಕೊಳ್ಳೋಣ. ಚಾಲುಕ್ಯರ ಕಾಲದ ದೇವಾಲಯವುಳ್ಳ ಹಳೆಯ ಊರು ಇದು. ಇಂದು ಊರಿಗೆ ರೈಲು ನಿಲ್ದಾಣವಿದೆ. ಮಗ್ಗುಲಲ್ಲಿ ನವನಗರ ಬೆಳೆದಿದೆ. ಹುಬ್ಬಳ್ಳಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲವಾದ ಪ್ರಾಂಗಣವು ಇಲ್ಲಿಯೇ ಇದೆ. ಪಶ್ಚಿಮಕ್ಕೆ ನಡೆದರೆ ಮಲೆನಾಡಿನ ಸೆರಗು. ಪೂರ್ವಕ್ಕೆ ಅಣ್ಣಿಗೇರಿ ನವಲಗುಂದಗಳ ಕಡೆಗೆ ತಿರುಗಿದರೆ, ಕಣ್ಣು ಹರಿಯುವವರೆಗೂ ಮರವಿಲ್ಲದ ಕಪ್ಪು ಬಯಲು. ಬೆಳವಲವೆಂದು ಪ್ರಸಿದ್ಧವಾದ ನಾಡು ಅದು. ಇಂತಹ ಊರಿನಲ್ಲಿ ಒಂದೇ ಹೊಲಕ್ಕೆ ಎರಡು ಬೆಲೆಗಳಿರುತ್ತವೆ. ಜೋಳ ಕಡಲೆಗಳನ್ನು ಬೆಳೆಯುವ ಭೂಮಿಯೆಂಬ ಬೆಲೆ ಒಂದು. ನಾಳೆ ಮನೆಗಳೇಳುವ ಜಾಗವೆಂಬ ಬೆಲೆ ಇನ್ನೊಂದು. ತಾನು ಯಾವ ಬೆಲೆಯನ್ನು ಕೊಡುತ್ತಿರುವೆನೆಂಬುದನ್ನು ಕೊಳ್ಳುವಾತನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು. ಎರಡನೆಯ ಬೆಲೆಯನ್ನು ಕೊಟ್ಟು ಮೊದಲನೆಯ ಹೊಲವನ್ನು ಪಡೆದವರು ಅನೇಕರಿದ್ದಾರೆ.

ಮೊದಲು ನೆಲವನ್ನು ನೋಡೋಣ. ಈ ಭಾಗದಲ್ಲಿ ಎರೆ ಮತ್ತು ಮಸಾರಿ ಎಂದು ಭೂಮಿ ಎರಡು ಬಗೆ. ಮಸಾರಿಯು ಕೆಂಪು ಛಾಯೆಯ ಹಗುರ ಮಣ್ಣು. ಮಳೆ ಬಿದ್ದರೆ ಬೇಗ ಹದಕ್ಕೆ ಬರುತ್ತದೆ, ಬೇಗ ಒಣಗುತ್ತದೆ. ಎರೆಯು ಜಿಗುಟಾದ ಕಪ್ಪು ಮಣ್ಣು. ನೀರನ್ನು ಕುಡಿದರೆ ಉಬ್ಬುತ್ತದೆ; ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಆ ಬಿರುಕುಗಳಲ್ಲಿ ಉದುರಿ ಕೆಳಗೆ ಸೇರುವುದರಿಂದ, ಎರೆಯು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದರೂ ಸಲ್ಲುತ್ತದೆ. ಮಳೆಗಾಲದ ತೇವವನ್ನು ಅದು ತಿಂಗಳುಗಟ್ಟಲೆ ಹಿಡಿದಿಡಬಲ್ಲದು. ಆದುದರಿಂದಲೇ ಇಲ್ಲಿ ಮಳೆ ಹಿಂದೆಗೆದ ಮೇಲೆ ಬಿತ್ತಿದ ಹಿಂಗಾರಿ ಜೋಳ, ಕಡಲೆ, ಕುಸುಬಿಗಳು ನೀರಾವರಿಯಿಲ್ಲದೆ ಇಬ್ಬನಿಯಲ್ಲಿಯೇ ಬೆಳೆದು ಬರುತ್ತವೆ.

ಎರೆಯ ಗುಣವು ಅದರ ಆಳದಲ್ಲಿದೆ. ಮೇಲೆ ಒಂದೇ ಬಣ್ಣವಾಗಿ ಕಾಣುವ ಎರಡು ಹೊಲಗಳಲ್ಲಿ, ಒಂದರಲ್ಲಿ ಒಂದಡಿಗೇ ಗರಸು ತಗಲಬಹುದು. ಇನ್ನೊಂದರಲ್ಲಿ ಆಳುದ್ದ ತೋಡಿದರೂ ಕಪ್ಪೇ ಇರಬಹುದು. ಮಾರುವವನ ಅನುಮತಿ ಪಡೆದು, ಹೊಲದ ಮೂರು ನಾಲ್ಕು ಕಡೆ ಗುಂಡಿ ತೋಡಿಸಿ ನೋಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಕೆಲವೆಡೆ ಬಾವಿಯ ನೀರು ಸವಳಾಗಿರುತ್ತದೆ. ಅಂತಹ ನೀರನ್ನು ಎರೆಗೆ ಹಾಯಿಸಿದರೆ ನೆಲವೇ ಕೆಡುವುದರಿಂದ, ಮಣ್ಣಿನೊಡನೆ ನೀರನ್ನೂ ಪರೀಕ್ಷೆಗೆ ಕಳುಹಿಸತಕ್ಕದ್ದು. ಬೆಣ್ಣಿಹಳ್ಳದಂತಹ ಹಳ್ಳಗಳು ಮಳೆಗಾಲದಲ್ಲಿ ದಂಡೆ ಮೀರಿ ಹರಿಯುತ್ತವೆ. ಹಳ್ಳದ ನೆರೆಯಲ್ಲಿ ಹೊಲವಿದ್ದರೆ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ನೆರೆಹೊಲದ ಹಿರಿಯರನ್ನು ಕೇಳಬೇಕು. ಹೊಲದಲ್ಲಿ ಮನೆ ಕಟ್ಟುವ ವಿಚಾರವುಳ್ಳವರು, ಉಬ್ಬಿ ಕುಗ್ಗುವ ಎರೆಯ ಮೇಲೆ ಸಾಧಾರಣ ಅಸ್ತಿಭಾರವು ನಿಲ್ಲದೆ ಗೋಡೆ ಬಿರಿಯುವುದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಇವೆಲ್ಲಕ್ಕಿಂತ ಸುಲಭವಾದ ಪರೀಕ್ಷೆಯೊಂದುಂಟು: ಹೊಲವನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡುವುದು. ಬೇಸಿಗೆಯಲ್ಲಿ ಕಾರು ನಿರಾತಂಕವಾಗಿ ಹೋದ ದಾರಿಯಲ್ಲಿ ಮಳೆಗಾಲದಲ್ಲಿ ಬರಿಗಾಲೂ ಕಿತ್ತು ಬರುವುದಿಲ್ಲ. ಆ ದಾರಿಯು ಗ್ರಾಮನಕ್ಷೆಯಲ್ಲಿ ಇದೆಯೋ, ಅಥವಾ ನೆರೆಯವನ ದಾಕ್ಷಿಣ್ಯದಿಂದ ನಡೆಯುತ್ತಿದೆಯೋ ಎಂಬುದನ್ನೂ ಆಗಲೇ ವಿಚಾರಿಸುವುದು ಒಳ್ಳೆಯದು.

ಇನ್ನು ಅಳತೆ. ಒಂದು ಗುಂಟೆಯೆಂದರೆ ೩೩ ಅಡಿ ಚೌಕ, ಅಂದರೆ ೧,೦೮೯ ಚದರಡಿ. ೪೦ ಗುಂಟೆಗೆ ಒಂದು ಎಕರೆ. ಆದರೆ ಹಳ್ಳಿಯ ಹಿರಿಯರು ಕೂರಿಗೆಯ ಲೆಕ್ಕದಲ್ಲಿ ಮಾತನಾಡುವರು. ಒಂದು ಕೂರಿಗೆಯನ್ನು ಸಾಮಾನ್ಯವಾಗಿ ನಾಲ್ಕು ಎಕರೆಯೆಂದು ಹಿಡಿಯುವರಾದರೂ, ಬಾಯಿಮಾತಿನ ಕೂರಿಗೆಯು ಸರಪಳಿಯ ಎಕರೆಗೆ ಸರಿಹೋಗಲೇಬೇಕೆಂಬ ನಿಯಮವಿಲ್ಲ. ಇದರ ಮೇಲೆ ಖರಾಬಿನ ವಿಚಾರವಿದೆ. ಒಟ್ಟು ವಿಸ್ತೀರ್ಣದಲ್ಲಿ ಸಾಗುವಳಿಗೆ ಬಾರದ ಅಂಶವನ್ನು ಅ ಖರಾಬು ಎಂದೂ, ದಾರಿ ಹಳ್ಳಗಳಂತೆ ಸಾರ್ವಜನಿಕವಾದುದನ್ನು ಬ ಖರಾಬು ಎಂದೂ ಬರೆದಿರುತ್ತಾರೆ. ಬ ಖರಾಬಿಗೆ ಹಣ ಕೊಟ್ಟವನು ಸರಕಾರದ ದಾರಿಯನ್ನು ಕೊಂಡಂತೆಯೇ ಸರಿ.

ಈಗ ಕಾಗದಗಳಿಗೆ ಬರೋಣ. ಮೈಸೂರಿನ ಕಡೆಯವರು ಪಹಣಿಯೆನ್ನುವುದನ್ನು ಧಾರವಾಡದ ಕಡೆಯವರು ಉತಾರವೆನ್ನುತ್ತಾರೆ. ‘ಭೂಮಿ’ ಎಂಬ ಯೋಜನೆಯು ಬಂದ ತರುವಾಯ ಇದು ಗಣಕಯಂತ್ರದಿಂದಲೇ ದೊರೆಯುತ್ತದೆ. ಇದರ ೯ನೆಯ ಅಂಕಣದಲ್ಲಿ ಹಿಡುವಳಿದಾರನ ಹೆಸರು, ೧೦ರಲ್ಲಿ ಅವನಿಗೆ ಅದು ಬಂದ ಬಗೆ, ೧೧ರಲ್ಲಿ ಸಾಲವೇ ಮೊದಲಾದ ಋಣಗಳು, ೧೨ರಲ್ಲಿ ಸಾಗುವಳಿದಾರ ಮತ್ತು ಬೆಳೆ ನಮೂದಾಗಿರುತ್ತವೆ. ಉತಾರದಲ್ಲಿ ಹೆಸರಿದ್ದ ಮೇಲೆ ಹೊಲವು ಅವನದೇ ಅಲ್ಲವೇ ಎಂದು ವಿದ್ಯಾವಂತರೂ ಕೇಳುವುದುಂಟು. ಅಲ್ಲವೆಂಬುದೇ ಉತ್ತರ. ಏಕೆಂಬುದಕ್ಕೆ ಸ್ವಲ್ಪ ಚರಿತ್ರೆಯನ್ನು ನೋಡಬೇಕು.

ನಮ್ಮ ಬೆಳವಲದಂತೆಯೇ ಮರವಿಲ್ಲದ ವಿಶಾಲ ಬಯಲುಗಳು ಉತ್ತರ ಅಮೆರಿಕದಲ್ಲಿ ಪ್ರೇರಿಯೆಂಬ ಹೆಸರಿನಿಂದ ಇವೆ. ಕೆನಡಾ ಸರಕಾರವು ೧೮೭೨ರ ಕಾನೂನಿನ ಮೂಲಕ ಅಲ್ಲಿಯ ಭೂಮಿಯನ್ನು ೧೬೦ ಎಕರೆಯ ಚೌಕಗಳಾಗಿ ವಲಸೆಗಾರರಿಗೆ ಹಂಚಿತು. ಮೂಲನಿವಾಸಿಗಳ ನೆಲದ ಮೇಲೆಯೇ ಮೊದಲು ಗೆರೆ ಬಿದ್ದಿತು, ಆಮೇಲೆ ನೇಗಿಲು ಬಂದಿತು. ೧೮೫೮ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಟಾರೆನ್ಸ್ ಪದ್ಧತಿಯನ್ನು ಪ್ರೇರಿಯ ಪ್ರಾಂತಗಳು ಅಂಗೀಕರಿಸಿದವು. ಈ ಪದ್ಧತಿಯಲ್ಲಿ ಸರಕಾರದ ದಫ್ತರಿನಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯನೆಂದು ಸರಕಾರವೇ ಹೊಣೆ ಹೊರುತ್ತದೆ. ನಮ್ಮಲ್ಲಿ ನಡೆದುದು ಬೇರೆ. ತಲೆತಲಾಂತರದಿಂದ ಉಳುತ್ತಿದ್ದ ಹೊಲಗಳ ಮೇಲೆ, ೧೯ನೆಯ ಶತಮಾನದ ಮಧ್ಯದಲ್ಲಿ, ವಿಂಗೇಟ್ ಮೊದಲಾದ ಅಧಿಕಾರಿಗಳ ಕೈಕೆಳಗೆ ಮುಂಬಯಿ ಸರಕಾರದ ಸರ್ವೇ ನಡೆಯಿತು. ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂಬುದೇ ಆ ದಫ್ತರಿನ ಮುಖ್ಯ ಪ್ರಶ್ನೆಯಾಗಿದ್ದಿತು. ಇಂದಿನ ಉತಾರವು ಅದರ ವಂಶದ್ದು. ಅದರಲ್ಲಿರುವುದನ್ನು ಕಾನೂನು ನಿಜವೆಂದು ಭಾವಿಸುವುದಾದರೂ, ಅದು ಸುಳ್ಳೆಂದು ಸ್ಥಾಪಿತವಾಗುವವರೆಗೆ ಮಾತ್ರ. ನೋಂದಣಿಯ ಕಚೇರಿಯೂ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಪತ್ರವು ಬರೆಯಲ್ಪಟ್ಟಿತೆಂಬುದಕ್ಕಷ್ಟೇ ಅದು ಸಾಕ್ಷಿ. ಪ್ರೇರಿಯಲ್ಲಿ ಸರಕಾರವು ಹೊರುವ ಹೊಣೆಯನ್ನು ಅಮರಗೋಳದಲ್ಲಿ ಕೊಳ್ಳುವವನೇ ಹೊರಬೇಕಾಗಿದೆ.

ಆದುದರಿಂದ ಹಿಂದಿನ ಮೂವತ್ತು ವರ್ಷಗಳಾದರೂ ಹೊಲವು ಕೈಯಿಂದ ಕೈಗೆ ಹೇಗೆ ಬಂದಿತೆಂಬುದನ್ನು ಪತ್ರದಿಂದ ಪತ್ರಕ್ಕೆ ಹೊಂದಿಸಿ ನೋಡತಕ್ಕದ್ದು. ಋಣಭಾರ ಪತ್ರವನ್ನು ತೆಗೆಸತಕ್ಕದ್ದು. ಒಂದು ನಂಬರಿನ ಭಾಗವನ್ನು ಕೊಳ್ಳುವುದಾದರೆ ೧೧ಇ ನಕ್ಷೆಯಿಲ್ಲದೆ ಮುಂದುವರಿಯಲಾಗದು. ಭೂಮಿಯು ಹಿಂದೆ ಇನಾಮೋ, ಗೇಣಿದಾರನಿಗೆ ನ್ಯಾಯಮಂಡಲಿಯಿಂದ ಬಂದುದೋ ಎಂಬುದನ್ನು ವಿಚಾರಿಸಬೇಕು. ಗೇಣಿದಾರನಿಗೆ ಬಂದ ಭೂಮಿಯನ್ನು ೧೫ ವರ್ಷ ಮಾರಕೂಡದೆಂಬ ನಿರ್ಬಂಧವಿದ್ದಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು, ೧೯೭೮ರ ಕಾನೂನಿನಂತೆ, ಸರಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಖರೀದಿಯು ನಿರರ್ಥಕ. ಅದನ್ನು ಮರಳಿ ಕೇಳುವುದಕ್ಕೆ ಕಾಲಮಿತಿಯಿಲ್ಲವೆಂದು ೨೦೨೩ರ ತಿದ್ದುಪಡಿಯು ಸ್ಪಷ್ಟಪಡಿಸಿದೆ. ಮುಖ್ತ್ಯಾರ ಪತ್ರದ ಮೇಲೋ, ಬರಿಯ ಛಾಪಾಕಾಗದದ ಕರಾರಿನ ಮೇಲೋ ಗುಂಟೆಯ ಲೆಕ್ಕದಲ್ಲಿ ಜಾಗ ಮಾರುವವರು ಪಟ್ಟಣದ ಅಂಚಿನಲ್ಲಿ ದೊರೆಯುತ್ತಾರೆ. ಇಂತಹ ಕಾಗದಗಳಿಂದ ಒಡೆತನವು ದಾಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿಯೇ ಸಾರಿ ಹೇಳಿದೆ.

ಎಲ್ಲಕ್ಕಿಂತ ಹೆಚ್ಚಿನ ವ್ಯಾಜ್ಯಗಳು ಹುಟ್ಟುವುದು ಮಾರುವವನ ಮನೆಯೊಳಗಿನಿಂದ. ಉತಾರದಲ್ಲಿ ಹಿರಿಯ ಮಗನೊಬ್ಬನ ಹೆಸರಿದ್ದರೂ, ಪಿತ್ರಾರ್ಜಿತವಾದ ಹೊಲದಲ್ಲಿ ತಮ್ಮಂದಿರಿಗೂ ಅಕ್ಕತಂಗಿಯರಿಗೂ ಪಾಲಿರಬಹುದು. ಹಿಂದೂ ಉತ್ತರಾಧಿಕಾರ ಕಾನೂನಿನ ೨೦೦೫ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನವಾದ ಹಕ್ಕು ಬಂದಿದೆ. ೨೦೦೫ರಲ್ಲಿ ತಂದೆಯು ಬದುಕಿರಬೇಕಾಗಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ತೀರ್ಮಾನಿಸಿತು. ಕೊಟ್ಟ ಮನೆಯಲ್ಲಿರುವ ಮಗಳು ಸಹಿ ಹಾಕದ ಪತ್ರವು ಎಷ್ಟೋ ವರ್ಷಗಳ ಮೇಲೆ ನ್ಯಾಯಾಲಯದ ಮೆಟ್ಟಿಲೇರಬಹುದು. ಆದಕಾರಣ ಸಂಚಕಾರ ಕೊಡುವ ಮೊದಲೇ ವಂಶವೃಕ್ಷವನ್ನು ಕೇಳಿ ಪಡೆದು, ಅದರಲ್ಲಿರುವ ಪ್ರತಿಯೊಬ್ಬರನ್ನೂ ಕಂಡು ಒಪ್ಪಿಗೆ ಪಡೆಯಬೇಕು. ಇದರಿಂದ ಕೊಳ್ಳುವವನ ಹಣವಷ್ಟೇ ಅಲ್ಲ, ಆ ಹೆಣ್ಣುಮಗಳ ಪಾಲೂ ಉಳಿಯುತ್ತದೆ. ಅವಳಿಗೆ ತಿಳಿಯದಂತೆ ಅಗ್ಗವಾಗಿ ಸಿಕ್ಕಿದ ಹೊಲವು ನಿಜವಾಗಿ ಅಗ್ಗವಲ್ಲ.

ಕಡೆಯದಾಗಿ, ಕೊಂಡ ಮೇಲಿನ ಮಾತು. ಕ್ರಯಪತ್ರವು ನೋಂದಣಿಯಾದ ಮಾತ್ರಕ್ಕೆ ಕೆಲಸ ಮುಗಿಯದು. ಉತಾರದಲ್ಲಿ ಹೆಸರು ಬದಲಾಗುವವರೆಗೆ ವಿಚಾರಿಸುತ್ತಿರಬೇಕು. ಸಾಗುವಳಿ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ೧೯೬೪ರ ಭೂಕಂದಾಯ ಕಾನೂನಿನ ೯೫ನೆಯ ಕಲಮಿನಂತೆ ಪರಿವರ್ತನೆಯಾಗಬೇಕು. ನಗರಯೋಜನೆಯು ಹಸಿರು ವಲಯವೆಂದು ಗುರುತಿಸಿದ್ದರೆ ಆ ಆಶೆಯನ್ನು ಬಿಡುವುದೇ ಲೇಸು. ಊರವರಿಗೆ ಲಾವಣಿಗೆ ಕೊಟ್ಟು ತಾವು ಪಟ್ಟಣದಲ್ಲಿರುವೆವೆಂದು ಎಣಿಸುವವರಿಗೂ ಒಂದು ಎಚ್ಚರಿಕೆ: ಭೂಸುಧಾರಣಾ ಕಾನೂನು ಗೇಣಿಯನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಉಳಿದ ದಾರಿಗಳು ಎರಡು: ಆಳುಗಳನ್ನಿಟ್ಟು ತಾನೇ ಮಾಡಿಸುವುದು, ಅಥವಾ ಬೀಳು ಬಿಡುವುದು. ಬೀಳು ಬಿದ್ದ ಎರೆಯಲ್ಲಿ ಕರಿಕೆ ಬೇರಿಳಿಸುತ್ತದೆ, ಜಾಲಿ ಹಬ್ಬುತ್ತದೆ. ಆಮೇಲೆ ಅದನ್ನು ಮತ್ತೆ ಹದಕ್ಕೆ ತರುವುದು ಬಹುಕಷ್ಟ. ಒಂದು ಮನೆತನಕ್ಕೆ ತಲೆಮಾರುಗಳಿಂದ ಜೋಳವನ್ನು ಕೊಟ್ಟ ಭೂಮಿಯು ಬೆಲೆಯೇರುವುದನ್ನೇ ಕಾಯುತ್ತ ಮುಳ್ಳು ಬೆಳೆಯುವುದಾದರೆ, ಕೊಂಡವನಿಗೆ ಬಂದ ಲಾಭಕ್ಕಿಂತ ನಾಡಿಗೆ ಆದ ನಷ್ಟವೇ ದೊಡ್ಡದು.

ಮಣ್ಣನ್ನು ತೋಡಿ ನೋಡದೆ, ಮಳೆಗಾಲದ ದಾರಿಯನ್ನು ನಡೆಯದೆ, ಹಳೆಯ ಪತ್ರಗಳನ್ನು ಓದಿಸದೆ, ಮಾರುವವನ ಅಕ್ಕತಂಗಿಯರನ್ನು ಕಾಣದೆ ಯಾರೂ ಸಂಚಕಾರವನ್ನು ಕೊಡದಿರಲಿ ಎಂದು ಶ್ರೋತೃಗಳಲ್ಲಿ ವಿನಂತಿಸಿ, ಈ ಮಾತುಗಳನ್ನು ಇಲ್ಲಿಗೆ ಮುಗಿಸುತ್ತೇವೆ.