ಒಂದೇ ಮಗ್ಗುಲಿಗೆ ತಿರುಗುವ ಕೂಸಿನ ತಲೆ

ಎಳೆಯ ಕೂಸನ್ನು ಅಂಗಾತ ಮಲಗಿಸಿದಾಗ ಅದರ ಮುಖವು ನೆಟ್ಟಗೆ ಮೇಲ್ಮೊಗವಾಗಿ ನಿಲ್ಲುವುದು ಅಪರೂಪ. ಅದು ಒಂದು ಮಗ್ಗುಲಿಗೆ ಹೊರಳುತ್ತದೆ. ಹೆಚ್ಚಿನ ಶಿಶುಗಳಲ್ಲಿ ಬಲಮಗ್ಗುಲಿಗೆ. ತಲೆ ಹೊರಳಿದ ಕಡೆಯ ತೋಳು ನೀಡಿಕೊಂಡು, ಇನ್ನೊಂದು ತೋಳು ಮಡಿಚಿಕೊಂಡು, ಬಿಲ್ಲು ಸೆಳೆದವನ ಭಂಗಿಯಲ್ಲಿ ಕೂಸು ಮಲಗಿರುವುದನ್ನು ನೋಡದ ತಾಯಿಯಿಲ್ಲ. ಅಮೆರಿಕದ ಆರ್ನಾಲ್ಡ್ ಗೆಸೆಲ್ ಎಂಬ ವಿದ್ವಾಂಸರು 1938ರಲ್ಲಿ ಈ ಭಂಗಿಯನ್ನು ಕುರಿತು ಬರೆದರು. ಇದು ಶಿಶುವಿನ ನರಮಂಡಲದ ಸಹಜ ಕ್ರಿಯೆ. ನಾಲ್ಕರಿಂದ ಆರು ತಿಂಗಳೊಳಗೆ ತಾನಾಗಿ ಮರೆಯಾಗುವಂತಹುದು. ಆದುದರಿಂದ ಒಂದು ಕಡೆಗೆ ಒಲವು ಇರುವುದು ತಾನೇ ರೋಗವಲ್ಲ. ತಲೆಯು ಆ ಕಡೆಗೆ ಹೋಗಲು ಇಷ್ಟಪಡುತ್ತದೆಯೋ ಅಥವಾ ಈ ಕಡೆಗೆ ಬರಲಾರದೋ ಎಂಬುದೇ ವಿಚಾರಿಸತಕ್ಕ ವಿಷಯ.

ಒಲವನ್ನು ಬಲಪಡಿಸುವ ಕಾರಣಗಳು ನಮ್ಮ ಮನೆಗಳಲ್ಲೇ ಉಂಟು. ಬಳ್ಳಾರಿಯ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಬೆಳಕು ಬರುವುದು ಒಂದೇ ಬಾಗಿಲಿನಿಂದ. ತೊಟ್ಟಿಲು ಗೋಡೆಗೆ ಒತ್ತಿದ್ದರಂತೂ ಬೆಳಕು, ಗಾಳಿ, ತಾಯಿಯ ಮುಖ ಎಲ್ಲವೂ ಒಂದೇ ದಿಕ್ಕಿನಲ್ಲಿ. ಸಿರುಗುಪ್ಪದ ಕಡೆ ಭತ್ತದ ನಾಟಿಯ ದಿನಗಳಲ್ಲಿ ಕೂಸು ಬಹುಹೊತ್ತು ಜೋಲಿಯಲ್ಲೇ ಉಳಿದರೆ ತಲೆ ಹೊರಳಿಸಲು ಅವಕಾಶವೇ ಕಡಿಮೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34 ಸೆಂಟಿಮೀಟರು. ವರ್ಷ ತುಂಬುವಾಗ 45ರಿಂದ 46. ಈ ಬೆಳವಣಿಗೆಯ ಅರ್ಧದಷ್ಟು ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ. ಮೆತ್ತಗಿರುವ ತಲೆಬುರುಡೆಯು ಒತ್ತಿದ ಕಡೆ ಬೆಳೆಯಲಾರದೆ ಬೇರೆ ಕಡೆ ಬೆಳೆಯುತ್ತದೆ. ಹಿಂದಲೆಯ ಒಂದು ಪಾರ್ಶ್ವ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮೇಲೆ ತಲೆ ಆ ಕಡೆಗೇ ಜಾರುತ್ತದೆ. ಹೀಗೆ ಒಲವು ಚಪ್ಪಟೆಯನ್ನೂ ಚಪ್ಪಟೆ ಒಲವನ್ನೂ ಬೆಳೆಸುತ್ತವೆ.

ಎರಡನೆಯ ಬಗೆ ಬೇರೆ. ಕಿವಿಯ ಹಿಂದಿನ ಎಲುಬಿನಿಂದ ಎದೆಯೆಲುಬಿನವರೆಗೆ ಕೊರಳಿನ ಎರಡೂ ಪಕ್ಕದಲ್ಲಿ ಓರೆಯಾಗಿ ಇಳಿಯುವ ಸ್ನಾಯುಗಳಿವೆ. ಇವುಗಳಲ್ಲೊಂದು ಗರ್ಭದಲ್ಲಿಯೋ ಹೆರಿಗೆಯ ಕಾಲದಲ್ಲಿಯೋ ಮೊಟಕಾಗಿ ಬಿಗಿದುಕೊಂಡಿರುವುದುಂಟು. ಬಲಗಡೆಯ ಸ್ನಾಯು ಮೊಟಕಾದರೆ ತಲೆ ಬಲಭುಜಕ್ಕೆ ವಾಲುತ್ತದೆ, ಗದ್ದ ಮಾತ್ರ ಎಡಕ್ಕೆ ತಿರುಗುತ್ತದೆ. ಮುಖ ಎಡಕ್ಕಿದೆಯೆಂದು ಮನೆಯವರು ಎಡಗಡೆಯಲ್ಲೇ ದೋಷವನ್ನು ಹುಡುಕುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ಎರಡರಿಂದ ನಾಲ್ಕನೆಯ ವಾರದೊಳಗೆ ಆ ಸ್ನಾಯುವಿನಲ್ಲಿ ಗೋಲಿಯಷ್ಟು ಗಟ್ಟಿಯಾದ ಗಂಟು ಕೈಗೆ ಸಿಕ್ಕಬಹುದು. ನಮ್ಮ ಬಳ್ಳಾರಿಯ ಬೇಸಗೆಯಲ್ಲಿ ಇನ್ನೊಂದು ಗುರುತೂ ಉಂಟು. ವಾಲಿದ ಕಡೆಯ ಕೊರಳಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಬೇಯುತ್ತದೆ. ಪೌಡರು ಹಚ್ಚಿ ಹಚ್ಚಿ ಸೋತ ತಾಯಂದಿರು ಮಡಿಕೆ ಒಂದೇ ಕಡೆ ಏಕೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಪರೀಕ್ಷೆ ಸುಲಭ. ಕೂಸು ಎಚ್ಚರವಾಗಿ ನಗುಮುಖದಲ್ಲಿರುವಾಗ ತಾಯಿಯಾದವಳು ಅದು ಇಷ್ಟಪಡದ ಕಡೆಗೆ ಬಂದು ಮಾತನಾಡಿಸಲಿ. ಒಲವು ಮಾತ್ರವಾಗಿದ್ದರೆ ಕೂಸು ಗದ್ದವನ್ನು ಭುಜದವರೆಗೂ ತಿರುಗಿಸಿ ಅವಳನ್ನು ನೋಡುತ್ತದೆ. ಅರ್ಧದಲ್ಲೇ ನಿಂತು, ಮೈಯನ್ನೆಲ್ಲ ಹೊರಳಿಸಿ ನೋಡಲೆಳಸಿದರೆ ಸ್ನಾಯುವಿನ ಬಿಗಿತವನ್ನು ಶಂಕಿಸಬೇಕು. ಕೂಸಿಗೆ ಎರೆಯುವ ಅಜ್ಜಿಯು ತಲೆಯನ್ನು ಮೇಲಿನಿಂದ ನೋಡಲಿ. ಮಲಗಿದ್ದರಿಂದ ಆದ ಚಪ್ಪಟೆಯಲ್ಲಿ ಚಪ್ಪಟೆಯ ಕಡೆಯ ಕಿವಿ ಮುಂದಕ್ಕೆ ಸರಿದಿರುತ್ತದೆ. ಹಾಗಲ್ಲದೆ ಹಿಂದಕ್ಕೆ ಸರಿದಿದ್ದರೆ ತಲೆಬುರುಡೆಯ ಸಂಧಿಯೊಂದು ಅಕಾಲದಲ್ಲಿ ಕೂಡಿಕೊಂಡಿರಬಹುದು. ಅದು ಅಪರೂಪ, ಆದರೆ ತಜ್ಞರೇ ನೋಡತಕ್ಕದ್ದು.

ಎರೆಯುವ ಅಜ್ಜಿಯರ ಮಾತು ಬಂದುದರಿಂದ ಎರಡು ಮಾತು ಹೇಳಬೇಕು. ಬಳ್ಳಾರಿಯಲ್ಲೇ ಆಗಲಿ ಕುರುಗೋಡಿನಲ್ಲೇ ಆಗಲಿ ನೀಡಿದ ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿ ಬೆನ್ನಿಗೆ ಎಣ್ಣೆ ತಿಕ್ಕುವ ಪದ್ಧತಿ ಬಹಳ ಒಳ್ಳೆಯದು. ಆಗ ಕೂಸು ತಲೆಯೆತ್ತಲು ಹೆಣಗುತ್ತದೆ. ಕೊರಳಿನ ಎರಡೂ ಪಕ್ಕದ ಸ್ನಾಯುಗಳು ದುಡಿಯುತ್ತವೆ. ಎಚ್ಚರದಲ್ಲಿರುವಾಗ, ಕಣ್ಣೆದುರಿಗೆ, ಕೆಲವು ನಿಮಿಷಗಳಂತೆ ದಿನಕ್ಕೆ ಹಲವು ಸಲ ಬೋರಲು ಮಲಗಿಸಿರೆಂದು ವೈದ್ಯರು ಹೇಳುವುದೂ ಇದನ್ನೇ. ಆದರೆ ಕೊರಳು ಉಳುಕಿದೆಯೆಂದು ತಲೆಯನ್ನು ಹಿಡಿದು ಥಟ್ಟನೆ ತಿರುಗಿಸಿ ಉಳುಕು ತೆಗೆಯುವುದನ್ನು ನಾವು ಖಂಡಿತವಾಗಿ ನಿಷೇಧಿಸುತ್ತೇವೆ. ಮೊಟಕಾದ ಸ್ನಾಯು ಎಳೆತಕ್ಕೆ ಹರಿಯಬಹುದು. ಕೊರಳೆಲುಬಿನ ದೋಷವೇ ಇದ್ದರೆ ಪ್ರಾಣಕ್ಕೇ ಅಪಾಯ. ತಲೆ ಗುಂಡಗಾಗಲೆಂದು ಇಡುವ ಸಾಸಿವೆಯ ದಿಂಬೂ ಸೀರೆಯ ಸಿಂಬೆಯೂ ಬೇಡ. ವರ್ಷದೊಳಗಿನ ಶಿಶುವಿಗೆ ದಿಂಬಿನಿಂದ ಉಸಿರು ಕಟ್ಟುವ ಭಯವುಂಟು. ಚಪ್ಪಟೆಯಾದೀತೆಂದು ರಾತ್ರಿ ಬೋರಲು ಮಲಗಿಸುವುದಂತೂ ಕೂಡದು. ಅಮೆರಿಕದಲ್ಲಿ 1994ರಿಂದ ಶಿಶುಗಳನ್ನು ಅಂಗಾತ ಮಲಗಿಸಬೇಕೆಂದು ಪ್ರಚಾರ ನಡೆದು, ನಿದ್ರೆಯಲ್ಲಿ ಆಕಸ್ಮಿಕವಾಗಿ ಸಾಯುವ ಕೂಸುಗಳ ಸಂಖ್ಯೆ ಅರ್ಧದಷ್ಟು ಇಳಿಯಿತು. ಚಪ್ಪಟೆ ತಲೆಗಳು ಹೆಚ್ಚಿದುದೂ ನಿಜವೇ. ಅವುಗಳಲ್ಲಿ ಬಹುಪಾಲು ಕೂಸು ಕುಳಿತು ತೆವಳುವ ವೇಳೆಗೆ ತಿದ್ದಿಕೊಳ್ಳುತ್ತವೆ.

ಮನೆಯಲ್ಲಿ ಮಾಡಬಹುದಾದುದು ಇಷ್ಟು. ಒಂದು ದಿನ ತಲೆಯಿಟ್ಟ ಕಡೆ ಮರುದಿನ ಕಾಲು ಬರುವಂತೆ ಮಲಗಿಸುವುದು, ಬೆಳಕು ಮತ್ತು ಮಾತು ಇಷ್ಟವಿಲ್ಲದ ಕಡೆಯಿಂದ ಬರುವಂತೆ ನೋಡಿಕೊಳ್ಳುವುದು, ಎತ್ತಿಕೊಳ್ಳುವ ತೋಳನ್ನು ಬದಲಿಸುವುದು. ಎರಡೂ ಮೊಲೆಗಳಲ್ಲಿ ಹಾಲು ಕುಡಿಯುವ ಕೂಸಿಗೆ ಈ ಬದಲಾವಣೆ ತಾನಾಗಿ ದೊರೆಯುತ್ತದೆ; ಒಂದು ಕಡೆಯಲ್ಲಿ ಮಾತ್ರ ಅದು ಹಟಮಾಡಿದರೆ ಆ ಹಟವೂ ಒಂದು ಸೂಚನೆಯೇ. ಸ್ನಾಯು ಬಿಗಿದಿದ್ದರೆ ಮಾತ್ರ ಇಷ್ಟು ಸಾಲದು. ಅದನ್ನು ಮೆಲ್ಲಮೆಲ್ಲನೆ ನೀಳಮಾಡುವ ಕ್ರಮವನ್ನು ಫಿಜಿಯೋಥೆರಪಿ ಬಲ್ಲವರಿಂದ ತಾಯಿಯೇ ಕಲಿತು ದಿನಕ್ಕೆ ಹಲವು ಸಲ ಮಾಡಬೇಕು. ಮೊದಲ ಮೂರು ತಿಂಗಳೊಳಗೆ ತೊಡಗಿದವರಲ್ಲಿ ಬಹುತೇಕ ಎಲ್ಲರೂ ಶಸ್ತ್ರಚಿಕಿತ್ಸೆಯಿಲ್ಲದೆ ಗುಣಹೊಂದುತ್ತಾರೆ. ವರ್ಷ ಕಳೆದ ಮೇಲೆ ಬಂದವರಲ್ಲಿ ಕೆಲವರಿಗೆ ಕತ್ತಿಯೇ ಗತಿ. ಇಂತಹ ಕೂಸುಗಳಲ್ಲಿ ಸೊಂಟದ ಕೀಲಿನ ದೋಷವೂ ಕೆಲವೊಮ್ಮೆ ಜೊತೆಗಿರುವುದರಿಂದ ಅದನ್ನೂ ಪರೀಕ್ಷಿಸುವಂತೆ ಕೇಳಬೇಕು. ಮೆಳ್ಳೆಗಣ್ಣಿನಿಂದಲೂ ತಲೆ ವಾಲುವುದುಂಟು.

ಕೇಳುವುದಕ್ಕೆ ಹೊಸದಾಗಿ ದಿನ ಹುಡುಕಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರತಕ್ಕವಳು. ಲಸಿಕೆಗಾಗಿ 6, 10 ಮತ್ತು 14ನೆಯ ವಾರಗಳಲ್ಲಿ ಕೂಸು ಹೇಗೂ ದಾದಿಯ ಮುಂದಿರುತ್ತದೆ. ಆಗಲೇ ಕೊರಳನ್ನು ತೋರಿಸಬೇಕು. ಸಿರುಗುಪ್ಪದವರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ 1961ರಲ್ಲಿ ಸ್ಥಾಪಿತವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ನಿನ್ನೆಯವರೆಗೆ ಎರಡೂ ಕಡೆ ತಿರುಗುತ್ತಿದ್ದ ಕೊರಳು ಇಂದು ಒಮ್ಮೆಗೇ ವಾಲಿದರೆ, ಜೊತೆಗೆ ಜ್ವರ, ವಾಂತಿ, ನುಂಗಲಾಗದಿರುವುದು ಇವುಗಳಲ್ಲಿ ಯಾವುದಾದರೂ ಕಂಡರೆ, ಲಸಿಕೆಯ ದಿನಕ್ಕೆ ಕಾಯದೆ ಅಂದೇ ಹೊರಡಬೇಕು.