ಶುಶ್ರೂಷಾ ವಿದ್ಯಾರ್ಥಿಗಳಿಗೆ ಹಾಗೂ ಸಾರ್ವಜನಿಕರಿಗೆ ಸಾಮಾನ್ಯ ವೈದ್ಯಕೀಯ ಪದಗಳ ಪರಿಚಯ

ಪೀಠಿಕೆ

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳು ಮೊದಲು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ಪ್ರತ್ಯೇಕ ರಾಮನಗರ ಜಿಲ್ಲೆಯಾಗಿ ರೂಪುಗೊಂಡವು. 2025ರಲ್ಲಿ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲಾಯಿತು. ಈ ಭಾಗದ ಅನೇಕ ವಿದ್ಯಾರ್ಥಿಗಳು ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿ ಶುಶ್ರೂಷಾ ತರಬೇತಿಗೆ ಸೇರುತ್ತಾರೆ. ಪಠ್ಯ, ರೋಗಿಯ ದಾಖಲೆ ಮತ್ತು ಔಷಧ ಚೀಟಿಗಳು ಇಂಗ್ಲಿಷಿನಲ್ಲಿರುತ್ತವೆ. ರೋಗಿಯ ಮಾತು ಮಾತ್ರ ಕನ್ನಡದಲ್ಲಿರುತ್ತದೆ. ಇವೆರಡರ ನಡುವೆ ನಿಲ್ಲುವವರು ಶುಶ್ರೂಷಕರು. ಒಂದು ಪದ ತಪ್ಪಾಗಿ ಅರ್ಥವಾದಲ್ಲಿ ಚಿಕಿತ್ಸೆಯೇ ತಪ್ಪಬಹುದಾದ್ದರಿಂದ, ಪದೇ ಪದೇ ಬಳಕೆಯಾಗುವ ಕೆಲವು ಪದಗಳನ್ನು ಇಲ್ಲಿ ವಿವರಿಸಲಾಗಿದೆ.

ಪದಗಳ ರಚನೆ

ಬಹುತೇಕ ವೈದ್ಯಕೀಯ ಪದಗಳು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಪದದ ಮೊದಲ ಭಾಗ ಸಾಮಾನ್ಯವಾಗಿ ಅಂಗವನ್ನೂ ಕೊನೆಯ ಭಾಗ ತೊಂದರೆ ಅಥವಾ ಚಿಕಿತ್ಸೆಯನ್ನೂ ಸೂಚಿಸುತ್ತದೆ. ಗ್ಯಾಸ್ಟ್ರೋ ಎಂದರೆ ಜಠರ, ಹೆಪಾಟೊ ಎಂದರೆ ಯಕೃತ್ತು, ನೆಫ್ರೋ ಎಂದರೆ ಮೂತ್ರಪಿಂಡ, ಕಾರ್ಡಿಯೋ ಎಂದರೆ ಹೃದಯ. ಐಟಿಸ್ ಎಂದು ಕೊನೆಗೊಂಡರೆ ಉರಿಯೂತ, ಎಕ್ಟಮಿ ಎಂದಿದ್ದರೆ ಶಸ್ತ್ರಕ್ರಿಯೆಯಿಂದ ತೆಗೆದುಹಾಕುವುದು ಎಂದರ್ಥ. ಅಪೆಂಡಿಸೈಟಿಸ್ ಕಾಯಿಲೆಯ ಹೆಸರು. ಅಪೆಂಡೆಕ್ಟಮಿ ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆಯ ಹೆಸರು.

ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಿಮೆ. ಕಿವಿಗೆ ಒಂದೇ ಬಗೆಯಾಗಿ ಕೇಳಿಸುವ ಈ ಎರಡು ಪೂರ್ವಪದಗಳ ಅರ್ಥ ಪರಸ್ಪರ ವಿರುದ್ಧವಾದುದು. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಾಗಿರುವುದು. ಹೈಪೋಗ್ಲೈಸೀಮಿಯಾ ಎಂದರೆ ಅದು ಕಡಿಮೆಯಾಗಿರುವುದು. ಮಧುಮೇಹಿಗಳಲ್ಲಿ 70 ಮಿಲಿಗ್ರಾಂಗಿಂತ (ಪ್ರತಿ ಡೆಸಿಲೀಟರಿಗೆ) ಕೆಳಗಿಳಿದರೆ ಹೀಗೆ ಹೇಳಲಾಗುತ್ತದೆ. ಮೊದಲನೆಯದಕ್ಕೆ ಇನ್ಸುಲಿನ್ ಬೇಕಾಗಬಹುದು. ಎರಡನೆಯದಕ್ಕೆ ಇನ್ಸುಲಿನ್ ನೀಡಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು. ಆದ್ದರಿಂದ ದೂರವಾಣಿಯಲ್ಲಿ ಇಂತಹ ಸೂಚನೆ ಪಡೆದಾಗ ಪದವನ್ನೂ ಅಂಕಿಯನ್ನೂ ಮರಳಿ ಹೇಳಿ ದೃಢಪಡಿಸಿಕೊಳ್ಳುವುದು ಅವಶ್ಯಕ.

ಜನಬಳಕೆಯ ಮಾತು ಮತ್ತು ವೈದ್ಯಕೀಯ ಪದ

1. ಉಷ್ಣ: "ಉಷ್ಣವಾಗಿದೆ" ಎಂಬ ಮಾತು ಉರಿಮೂತ್ರ, ಬಾಯಿಹುಣ್ಣು, ಭೇದಿ ಹೀಗೆ ಹಲವು ತೊಂದರೆಗಳಿಗೆ ಬಳಕೆಯಲ್ಲಿದೆ. ಯಾವ ಭಾಗದಲ್ಲಿ, ಯಾವಾಗ ಎಂದು ವಿಚಾರಿಸದೆ ದಾಖಲಿಸಬಾರದು.

2. ಗ್ಯಾಸ್ಟ್ರಿಕ್: ಎದೆಯುರಿ, ಹೊಟ್ಟೆಯುಬ್ಬರಗಳಿಗೆ ಈ ಮಾತು ರೂಢಿಯಲ್ಲಿದೆ. ಹೃದಯಾಘಾತವಾದವರು ಸಹ ಎದೆಯ ಬಿಗಿತವನ್ನು ಹೀಗೆಯೇ ಹೇಳುವುದುಂಟು. ಬೆವರುವಿಕೆ, ಎಡತೋಳು ಅಥವಾ ದವಡೆಯ ನೋವು ಇದೆಯೇ ಎಂದು ಕೇಳಿ ತಕ್ಷಣ ವೈದ್ಯರ ಗಮನಕ್ಕೆ ತರಬೇಕು.

3. ಉಬ್ಬಸ: ದಾಖಲೆಯಲ್ಲಿ ಬ್ರಾಂಕಿಯಲ್ ಆಸ್ತಮಾ ಎಂದಿರುತ್ತದೆ. ಉಸಿರಾಟದ ಕಷ್ಟಕ್ಕೆ ಡಿಸ್ಪ್ನಿಯಾ ಎಂದು ಬರೆಯಲಾಗುತ್ತದೆ. ರಾಮನಗರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ರೇಷ್ಮೆಯ ಕಣಗಳಿಂದ ನೂಲು ಬಿಚ್ಚುವ ಕೆಲಸಗಾರರಲ್ಲಿ ಅಲರ್ಜಿ ಮತ್ತು ಆಸ್ತಮಾ ಉಂಟಾಗಬಹುದಾದ್ದರಿಂದ ಇಲ್ಲಿ ರೋಗಿಯ ಉದ್ಯೋಗವನ್ನು ಬರೆದುಕೊಳ್ಳುವುದು ಮುಖ್ಯ. ಚನ್ನಪಟ್ಟಣದ ಬೊಂಬೆ ತಯಾರಕರಿಗೂ ಮರದ ಧೂಳಿನ ಕಾರಣ ಇದು ಅನ್ವಯಿಸುತ್ತದೆ.

4. ಕಣ್ಣು ಎಳೆಯುವುದು: ಹಾವು ಕಚ್ಚಿದ ನಂತರ "ಕಣ್ಣು ಎಳೆಯುತ್ತಿದೆ, ನಿದ್ದೆ ಬರುತ್ತಿದೆ" ಎಂದಲ್ಲಿ ಅದನ್ನು ಆಯಾಸವೆಂದು ಭಾವಿಸಬಾರದು. ರೆಪ್ಪೆ ಇಳಿಬೀಳುವ ಈ ಲಕ್ಷಣಕ್ಕೆ ಟೋಸಿಸ್ ಎಂದು ಹೆಸರು. ನಾಗರಹಾವು ಅಥವಾ ಕಟ್ಟುಹಾವಿನ ವಿಷ ನರಗಳ ಮೇಲೆ ಪರಿಣಾಮ ಬೀರುತ್ತಿರುವುದರ ಸೂಚನೆ ಇದಾಗಿರಬಹುದು. ಮುಂದೆ ಉಸಿರಾಟವೂ ಕುಂಠಿತವಾಗುವ ಸಂಭವವಿದೆ. ಹಾವು ಕಡಿತವನ್ನು ಕರ್ನಾಟಕದಲ್ಲಿ 2024ರಿಂದ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಲಾಗಿದೆ.

ರೋಗಿಯ ತೊಂದರೆಯನ್ನು ಮೊದಲು ಅವರದೇ ಮಾತಿನಲ್ಲಿ ಬರೆದು, ಬಳಿಕ ವೈದ್ಯಕೀಯ ಪದವನ್ನು ಸೇರಿಸುವುದು ಉತ್ತಮ ಕ್ರಮ.

ಔಷಧ ಚೀಟಿಯ ಸಂಕ್ಷೇಪಗಳು

ಓ.ಡಿ. – ದಿನಕ್ಕೆ ಒಂದು ಬಾರಿ
ಬಿ.ಡಿ. – ದಿನಕ್ಕೆ ಎರಡು ಬಾರಿ
ಟಿ.ಡಿ.ಎಸ್. – ದಿನಕ್ಕೆ ಮೂರು ಬಾರಿ
ಎಚ್.ಎಸ್. – ಮಲಗುವ ವೇಳೆಗೆ
ಎ.ಸಿ. – ಊಟಕ್ಕೆ ಮುಂಚೆ
ಪಿ.ಸಿ. – ಊಟದ ನಂತರ
ಎಸ್.ಓ.ಎಸ್. – ಅಗತ್ಯವಿದ್ದಲ್ಲಿ ಮಾತ್ರ
ಸ್ಟ್ಯಾಟ್ – ಕೂಡಲೇ
ಎನ್.ಬಿ.ಎಂ. – ಬಾಯಿಯ ಮೂಲಕ ಏನನ್ನೂ ನೀಡಬಾರದು

ಎನ್.ಬಿ.ಎಂ. ಎಂದು ಹಾಸಿಗೆಯ ಬಳಿ ತೂಗುಹಾಕಿದರಷ್ಟೇ ಸಾಲದು. ಶಸ್ತ್ರಚಿಕಿತ್ಸೆಗೆ ಮುನ್ನ ಮನೆಯವರು ಪ್ರೀತಿಯಿಂದ ಕುಡಿಸುವ ಒಂದು ಲೋಟ ಕಾಫಿಯೂ ಅರಿವಳಿಕೆಯ ವೇಳೆ ಶ್ವಾಸಕೋಶಕ್ಕೆ ಸೇರಿ ಅಪಾಯ ಉಂಟುಮಾಡಬಹುದು ಎಂದು ಕನ್ನಡದಲ್ಲಿ ತಿಳಿಸಿ ಹೇಳಬೇಕು. ಕಣ್ಣಿನ ಚಿಕಿತ್ಸೆಯಲ್ಲಿ ಓ.ಡಿ. ಎಂದರೆ ಬಲಗಣ್ಣು ಎಂಬ ಅರ್ಥವೂ ಇದೆ. ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಯು ಅಕ್ಷರವನ್ನಷ್ಟೇ ಬರೆದಲ್ಲಿ ಅದು ಸೊನ್ನೆಯಂತೆ ಕಂಡು 4 ಯೂನಿಟ್ ಇನ್ಸುಲಿನ್ 40 ಆಗುವ ಸಂಭವವಿದೆ. ಹೀಗಾಗಿ ಇಂತಹ ಪದಗಳನ್ನು ಪೂರ್ಣವಾಗಿ ಬರೆಯುವುದು ಸುರಕ್ಷಿತ.

ತಾಯಿ ಕಾರ್ಡಿನಲ್ಲಿ ಬಳಸುವ ಪದಗಳು

ಎಲ್.ಎಂ.ಪಿ. ಎಂದರೆ ಕೊನೆಯ ಮುಟ್ಟಿನ ಮೊದಲ ದಿನ, ಇ.ಡಿ.ಡಿ. ಎಂದರೆ ಹೆರಿಗೆಯ ನಿರೀಕ್ಷಿತ ದಿನಾಂಕ. ಎರಡರ ನಡುವಿನ ಅಂತರ 280 ದಿನಗಳು. ಎಚ್.ಬಿ. ಎಂದರೆ ಹಿಮೋಗ್ಲೋಬಿನ್, ಗರ್ಭಿಣಿಯರಲ್ಲಿ ಇದು ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7 ಗ್ರಾಂಗಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ.

ಸಾರ್ವಜನಿಕರ ಗಮನಕ್ಕೆ

ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯಂತೆ, ರೋಗಿ ಅಥವಾ ಅಧಿಕೃತ ಪ್ರತಿನಿಧಿಯು ಕೋರಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಒದಗಿಸಬೇಕಾಗಿರುತ್ತದೆ. ಬಿಡುಗಡೆ ಪತ್ರದಲ್ಲಿ ಅರ್ಥವಾಗದ ಪದಗಳಿದ್ದಲ್ಲಿ ಆಸ್ಪತ್ರೆಯಿಂದ ಹೊರಡುವ ಮುನ್ನವೇ ವೈದ್ಯರಿಂದ ಅಥವಾ ಶುಶ್ರೂಷಕರಿಂದ ಕನ್ನಡದಲ್ಲಿ ವಿವರಣೆ ಪಡೆಯಬಹುದು. ಹಾಗೆ ಕೇಳಲು ಸಂಕೋಚಪಡಬೇಕಾಗಿಲ್ಲ. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡುವುದು. ಈ ಪುಟವು ತಿಳಿವಳಿಕೆಗಾಗಿ ಮಾತ್ರವಿದ್ದು, ಇದನ್ನು ಓದಿ ಸ್ವಯಂ ಚಿಕಿತ್ಸೆ ಮಾಡಿಕೊಳ್ಳಬಾರದೆಂದು ಕೋರಲಾಗಿದೆ.