ಪರದೆ ಎಳೆಯುವ ಹುಡುಗ ರಾಜನಾದ

ಬಿ.ಇಡಿ. ತರಬೇತಿಗೆಂದು ಧಾರವಾಡದ ಶಾಲೆಯೊಂದಕ್ಕೆ ಹೋದ ಮೊದಲ ದಿನವೇ ಏಳನೇ ತರಗತಿಯ ಆ ಹುಡುಗನ ಪರಿಚಯವಾಗಿದ್ದು ಹೀಗೆ: ‘ಅವಗ ಓದಾಕ ಹಚ್ಚಬ್ಯಾಡ್ರಿ, ಸುಮ್ನ ಟೈಮ್ ವೇಸ್ಟ್’. ಕೊನೆಯ ಬೆಂಚು ಅವನಿಗೆ ಖಾಯಂ. ಪಾಠದಲ್ಲಿ ಒತ್ತಕ್ಷರ ಬಂದರೆ ಅವನ ಬೆರಳು ಅಲ್ಲೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಉಳಿದವರ ನಗು ಶುರುವಾಗುತ್ತಿತ್ತು.

ವಾರ್ಷಿಕೋತ್ಸವದ ನಾಟಕ ಕಲಿಸುವ ಹೊಣೆ ನನಗೆ ಬಂತು. ಅವನಿಗೆ ಪರದೆ ಎಳೆಯುವ ಕೆಲಸ ಕೊಟ್ಟೆ. ಮಾತು ಓದಿ ಬಾಯಿಪಾಠ ಮಾಡಲು ಅವನಿಂದ ಆಗದು ಎಂದು ನಾನೂ ತೀರ್ಮಾನಿಸಿದ್ದೆ.

ಒಂದು ದಿನ ರಾಜನ ಪಾತ್ರದ ಹುಡುಗ ಬರಲಿಲ್ಲ. ಹಗ್ಗ ಹಿಡಿದು ನಿಂತಿದ್ದ ಇವನು ರಾಜನ ಮಾತುಗಳನ್ನೆಲ್ಲ ಒಂದೂ ತಪ್ಪದೆ ಹೇಳಿದ. ಮಂತ್ರಿಯ ಮಾತೂ ಅವನಿಗೆ ಬರುತ್ತಿತ್ತು. ಹೇಗೆ ಕಲಿತೆ ಎಂದರೆ, ‘ಕೇಳಿದ್ರ ತಲಿಗಿ ಹೋಗತೈತ್ರಿ ಅಕ್ಕಾರ, ಓದಿದ್ರ ಹೋಗೂದಿಲ್ರಿ’ ಎಂದ.

ಅಂದಿನಿಂದ ಹಾಳೆ ಹಂಚುವುದನ್ನು ಬಿಟ್ಟೆ. ಎಲ್ಲರೂ ಸುತ್ತ ಕೂತು, ಕೇಳಿ, ಹೇಳಿ ಕಲಿತರು. ನಮ್ಮ ಕಡೆಯ ದೊಡ್ಡಾಟ, ಸಣ್ಣಾಟಗಳ ಎಷ್ಟೋ ಕಲಾವಿದರು ಕಲಿತದ್ದು ಹೀಗೇ ಅಲ್ಲವೇ? ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತು ದೊಡ್ಡ ಗಾಯಕರಾದರು. ಸ್ವತಃ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯನ್ನೇ ನಡೆಸಿದರು.

ರಾಜನ ಪಾತ್ರವನ್ನು ಇಬ್ಬರಿಗೂ ಹಂಚಿದೆ. ಮೊದಲರ್ಧ ಅವನು, ಉಳಿದರ್ಧ ಇವನು. ನಗುತ್ತಿದ್ದವರೇ ಮಾತು ಮರೆತಾಗ ಇವನನ್ನು ಕೇಳತೊಡಗಿದರು. ಬಾಯಿಗೆ ಬಂದ ಮಾತನ್ನೇ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಾಗ, ನಿಧಾನವಾಗಿಯಾದರೂ ಬೆರಳು ಮುಂದೆ ಸರಿಯಿತು.

ನಾಟಕದಿಂದ ಅವನ ತೊಂದರೆ ಮಾಯವಾಯಿತು ಎನ್ನಲಾರೆ. ಪರೀಕ್ಷೆಯ ಹಾಳೆ ಅವನಿಗೆ ಇಂದಿಗೂ ಕಷ್ಟವೇ. ಆದರೆ ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆ ದಡ್ಡತನವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಇದೂ ಸೇರಿದೆ. ಇಂಥ ಮಕ್ಕಳಿಗೆ ಪಾಠದಲ್ಲಷ್ಟೇ ಅಲ್ಲ, ಆಟ, ಮನರಂಜನೆಯಲ್ಲೂ ಎಲ್ಲರೊಂದಿಗೆ ಸಮಾನ ಅವಕಾಶ ಸಿಗಬೇಕು ಎನ್ನುತ್ತದೆ ಆ ಕಾಯ್ದೆ. ತಜ್ಞರ ಸಲಹೆ ಪಡೆಯಲು ಊರಲ್ಲೇ ಡಿಮ್ಹಾನ್ಸ್ ಇದೆ. ಅಲ್ಲಿಗೆ ಕರೆದೊಯ್ಯುವಂತೆ ಅವನ ತಾಯಿಗೆ ಹೇಳಿದೆವು.

ನಾಳೆ ನಾನೂ ಶಿಕ್ಷಕಿಯಾಗುತ್ತೇನೆ. ಪಾತ್ರ ಹಂಚುವಾಗ ಯಾರನ್ನೂ ಕೇಳದೆ ಹಗ್ಗದ ಹತ್ತಿರ ನಿಲ್ಲಿಸಬಾರದು ಎಂಬುದು ನನ್ನ ತರಬೇತಿಯ ದೊಡ್ಡ ಪಾಠ. ಅದನ್ನು ಕಲಿಸಿದವನು ಕೊನೆಯ ಬೆಂಚಿನ ಆ ಹುಡುಗ.